ತ್ರಿಗರ್ತದ ಕೋಟೆ, ವಜ್ರೇಶ್ವರಿಯ ಬೆಣ್ಣೆ

ವಿರಾಟನ ಗೋಗ್ರಹಣದ ಕಥೆಯನ್ನು ಗಮಕಿಗಳ ಬಾಯಿಂದ ಕೇಳದ ಕನ್ನಡಿಗರು ವಿರಳ. ಅದರಲ್ಲಿ ದಕ್ಷಿಣದ ಗೋವುಗಳನ್ನು ಹಿಡಿಯಬಂದು ಭೀಮಸೇನನ ಕೈಗೆ ಸಿಕ್ಕಿಬಿದ್ದ ಸುಶರ್ಮನು ತ್ರಿಗರ್ತ ದೇಶದ ಅರಸು. ಆಯುಧದಿಂದ ಜೀವಿಸುವ ಸಂಘಗಳನ್ನು ಹೇಳುವ ಸಂದರ್ಭದಲ್ಲಿ ಪಾಣಿನಿ ಮಹರ್ಷಿಯೂ ತ್ರಿಗರ್ತರನ್ನು ಹೆಸರಿಸಿದ್ದಾನೆ. ಪಾಠಶಾಲೆಯಲ್ಲಿ ಬಹುಕಾಲ ಈ ಹೆಸರನ್ನು ಹುಡುಗರಿಗೆ ಹೇಳಿಕೊಟ್ಟ ನಮಗೆ, ಆ ದೇಶವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲವಿದ್ದಿತು. ಇಂದಿನ ಹಿಮಾಚಲ ಪ್ರದೇಶದ ಕಾಂಗಡಾ ಸೀಮೆಯೇ ಆ ತ್ರಿಗರ್ತ. ಅಲ್ಲಿಯ ಕಟೋಚ್ ಅರಸರು ತಾವು ಸುಶರ್ಮನ ವಂಶದವರೆಂದು ಹೇಳಿಕೊಳ್ಳುತ್ತಾರೆ. ನಾವು ಸುಶರ್ಮನನ್ನು ಹುಡುಕಿಕೊಂಡು ಹೊರಟರೆ, ನಮ್ಮ ಮನೆಯವರು ವಜ್ರೇಶ್ವರಿಯ ದರ್ಶನಕ್ಕೆಂದು ಹೊರಟರು. ಹೀಗೆ ಒಂದೇ ಟಿಕೀಟಿನಲ್ಲಿ ಎರಡು ಯಾತ್ರೆಗಳಾದುವು.

ನಾವು ಕಾಂಗಡಾ ಪಟ್ಟಣವನ್ನು ಸೇರಿದ್ದು ಮಕರ ಸಂಕ್ರಮಣದ ಮೂರನೆಯ ದಿನ. ಬಡಗಣ ದಿಕ್ಕಿಗೆ ಧೌಲಾಧಾರ ಪರ್ವತಶ್ರೇಣಿ ಹಿಮವನ್ನು ಹೊದ್ದು ಗೋಡೆಯಂತೆ ನಿಂತಿದ್ದಿತು. ಚಳಿಯ ವಿಚಾರವನ್ನು ಬರೆಯದಿರುವುದೇ ಲೇಸು.

ಕೋಟೆಯು ಊರಿನ ಅಂಚಿನಲ್ಲಿ, ಬಾಣಗಂಗಾ ಮತ್ತು ಮಾಂಝೀ ಎಂಬ ಎರಡು ಹೊಳೆಗಳು ಕೂಡುವೆಡೆಯ ಕಡಿದಾದ ಬೆಟ್ಟದ ಮೇಲಿದೆ. ಹಿಂದಿನವರು ಇದನ್ನು ನಗರಕೋಟೆಯೆಂದು ಕರೆಯುತ್ತಿದ್ದರು. ಒಂದರ ಮೇಲೊಂದು ಬಾಗಿಲು; ಪ್ರತಿಯೊಂದೂ ಒಬ್ಬ ಒಡೆಯನ ಗುರುತು. ಮೊದಲನೆಯದು ರಣಜಿತಸಿಂಹನ ಹೆಸರಿನದು. ಮೇಲೇರಿದಂತೆ ಅಹನೀ, ಅಮೀರೀ, ಜಹಾಂಗೀರೀ ಎಂಬ ಮೊಗಲರ ಕಾಲದ ದ್ವಾರಗಳು. ಎಲ್ಲಕ್ಕೂ ಒಳಗೆ ದರ್ಶನೀ ದರವಾಜಾ. ಅದರ ಇಕ್ಕೆಲದಲ್ಲಿ ಗಂಗಾ ಯಮುನೆಯರ ಭಗ್ನವಿಗ್ರಹಗಳು. ಕಾಲವು ಹಿಂದುಹಿಂದಕ್ಕೆ ಸರಿಯುವಂತೆ ನಾವು ಏರುತ್ತಿದ್ದೆವು.

1009ರಲ್ಲಿ ಘಜನಿಯ ಮಹಮೂದನು ಇಲ್ಲಿಯ ಭಂಡಾರವನ್ನು ದೋಚಿದನು. ಏಳು ಲಕ್ಷ ಚಿನ್ನದ ದಿನಾರುಗಳೆಂದು ಫೆರಿಶ್ತಾ ಬರೆದಿದ್ದಾನೆ. ಇಂತಹ ಲೆಕ್ಕಗಳನ್ನು ಸ್ವಲ್ಪ ಸೋಡಿ ಬಿಟ್ಟೇ ಓದಬೇಕು. ಈ ಫೆರಿಶ್ತಾ ತನ್ನ ಇತಿಹಾಸವನ್ನು ಬರೆದದ್ದಾದರೂ ಎಲ್ಲಿ? ನಮ್ಮ ವಿಜಯಪುರದಲ್ಲಿ, ಇಮ್ಮಡಿ ಇಬ್ರಾಹೀಂ ಆದಿಲಶಾಹನ ಆಶ್ರಯದಲ್ಲಿ! ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜಶಾಹ ತುಘಲಕನು ಈ ಸೀಮೆಗೆ ಬಂದಾಗ ಇಲ್ಲಿಗೆ ಸಮೀಪದ ಜ್ವಾಲಾಮುಖಿಯ ದೇವಾಲಯದಲ್ಲಿ 1,300 ಸಂಸ್ಕೃತ ಗ್ರಂಥಗಳಿದ್ದುವೆಂದೂ ಕೆಲವನ್ನು ಆತನು ಪಾರಸಿಗೆ ಭಾಷಾಂತರ ಮಾಡಿಸಿದನೆಂದೂ ತಿಳಿಸುವವನು ಇವನೇ. ದಿನಾರುಗಳು ಹೋದದ್ದಕ್ಕಿಂತ ಆ ಗ್ರಂಥಗಳು ಏನಾದುವೋ ಎಂಬ ಚಿಂತೆಯೇ ನಮ್ಮನ್ನು ಹೆಚ್ಚು ಬಾಧಿಸಿತು.

1620ರಲ್ಲಿ ಜಹಾಂಗೀರನ ಸೇನೆ ದೀರ್ಘಕಾಲದ ಮುತ್ತಿಗೆಯ ಮೇಲೆ ಕೋಟೆಯನ್ನು ಹಿಡಿಯಿತು. 1786ರಲ್ಲಿ ಸಂಸಾರಚಂದನೆಂಬ ಕಟೋಚ್ ಅರಸು ಅದನ್ನು ಮರಳಿ ಪಡೆದನು. ಈತನ ಆಶ್ರಯದಲ್ಲಿಯೇ ಕಾಂಗಡಾದ ಚಿತ್ರಕಲೆ ಅರಳಿದ್ದು. ಜಯದೇವನ ಗೀತಗೋವಿಂದವನ್ನು ರೇಖೆ ಬಣ್ಣಗಳಲ್ಲಿ ಓದಬೇಕೆನ್ನುವವರು ಆ ಚಿತ್ರಗಳನ್ನು ನೋಡತಕ್ಕದ್ದು. ಆದರೆ ಗೂರ್ಖರು ಬಂದು ಮುತ್ತಿದರು. ಸಂಸಾರಚಂದನು ರಣಜಿತಸಿಂಹನ ನೆರವು ಬೇಡಿ, 1809ರಲ್ಲಿ ಆ ನೆರವಿನ ಬೆಲೆಯಾಗಿ ಕೋಟೆಯನ್ನೇ ಒಪ್ಪಿಸಬೇಕಾಯಿತು. 1846ರಲ್ಲಿ ಅದು ಇಂಗ್ಲಿಷರ ಪಾಲಾಯಿತು.

ಇಷ್ಟು ಸೇನೆಗಳಿಗೂ ಉಳಿದುಕೊಂಡಿದ್ದ ಕೋಟೆಯನ್ನು 1905ನೆಯ ಏಪ್ರಿಲ್ 4ರ ಬೆಳಗಿನ ಜಾವದ ಭೂಕಂಪವು ಉರುಳಿಸಿತು. ಆ ಬೆಳಿಗ್ಗೆ ಈ ಸೀಮೆಯಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಮಡಿದರು. ಕೋಟೆಯೊಳಗಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ಕೆತ್ತನೆಯ ಗೋಡೆಯ ಭಾಗವೊಂದು ಇಂದಿಗೂ ನಿಂತಿದೆ, ದೇವರಿಲ್ಲ, ಮಾಡಿಲ್ಲ. ನಮ್ಮ ಮನೆಯವರು ಆ ಬರಿಯ ಗೋಡೆಗೇ ಕೈಮುಗಿದರು. ಪಕ್ಕದಲ್ಲಿ ಕಟೋಚರ ಕುಲದೇವಿಯಾದ ಅಂಬಿಕೆಯ ಗುಡಿಯೂ, ಆದಿನಾಥ ತೀರ್ಥಂಕರರ ಬಸದಿಯೂ ಇವೆ. ಇವೆರಡರಲ್ಲಿಯೂ ಭಕ್ತರ ಪೂಜೆಯುಂಟು. ನಮ್ಮ ಬೆಳಗೊಳದ ಗೊಮ್ಮಟನ ತಂದೆಯನ್ನು ಹಿಮವಂತನ ಬುಡದಲ್ಲಿ ಕಂಡು ಸಂತೋಷವಾಯಿತು.

ವಜ್ರೇಶ್ವರಿಯ ದೇವಾಲಯವೂ ಅದೇ ಭೂಕಂಪದಲ್ಲಿ ನೆಲಸಮವಾಗಿದ್ದಿತು. ಆದರೆ ಕೋಟೆಯನ್ನು ಯಾರೂ ಮತ್ತೆ ಕಟ್ಟಲಿಲ್ಲ. ದೇವಾಲಯವನ್ನು ಭಕ್ತರು ಕಾಣಿಕೆ ಕೂಡಿಸಿ ಎತ್ತಿ ನಿಲ್ಲಿಸಿದರು. ದೇವಿ ಅಲ್ಲಿ ಪಿಂಡಿಯ ರೂಪದಲ್ಲಿದ್ದಾಳೆ. ನಾವು ಹೋದಾಗ ಪಿಂಡಿ ಕಾಣಿಸಲಿಲ್ಲ. ಬೆಣ್ಣೆಯ ಬೆಟ್ಟವೊಂದು ಹೂವು ಹಣ್ಣುಗಳಿಂದ ಅಲಂಕೃತವಾಗಿ ಕುಳಿತಿದ್ದಿತು! ಮಹಿಷಾಸುರನೊಡನೆ ಕಾದಿದ ದೇವಿಯ ಮೈಗಾಯಗಳಿಗೆ ದೇವತೆಗಳು ಬೆಣ್ಣೆ ಹಚ್ಚಿದರೆಂದು ಐತಿಹ್ಯ. ಅದರ ನೆನಪಿಗೆ ತುಪ್ಪವನ್ನು ತಣ್ಣೀರಿನಲ್ಲಿ ನೂರೊಂದು ಸಲ ತೊಳೆದು ಬೆಣ್ಣೆಯಂತೆ ಮಾಡಿ, ಸಂಕ್ರಮಣದಂದು ಪಿಂಡಿಗೆ ಲೇಪಿಸಿ, ಒಂದು ವಾರ ಹಾಗೆಯೇ ಬಿಡುತ್ತಾರೆ. ಆಮೇಲೆ ಅದು ಪ್ರಸಾದ. ಆದರೆ ತಿನ್ನಲಿಕ್ಕಲ್ಲ, ಚರ್ಮರೋಗಗಳಿಗೆ ಹಚ್ಚಿಕೊಳ್ಳಲಿಕ್ಕೆ.

ಇದನ್ನು ಕೇಳಿದೊಡನೆ ನಮಗೆ ಆಯುರ್ವೇದದ ಶತಧೌತಘೃತವು ನೆನಪಾಯಿತು. ನೂರು ಸಲ ತೊಳೆದ ತುಪ್ಪ; ಸುಟ್ಟಗಾಯಕ್ಕೂ ಉರಿಗೂ ವೈದ್ಯರು ಹೇಳುವ ಲೇಪನ. ಪುರಾಣಕ್ಕೆ ವೈದ್ಯವು ಬಂದಿತೋ, ವೈದ್ಯಕ್ಕೆ ಪುರಾಣವು ಬಂದಿತೋ ಎಂದು ನಾವು ತರ್ಕಕ್ಕೆ ತೊಡಗಿದೆವು. “ಏನೂಂದ್ರೆ, ಯುದ್ಧ ಮುಗಿಸಿ ಬಂದ ಹೆಣ್ಣುಮಗಳ ಗಾಯಕ್ಕೆ ಯಾರೋ ಔಷಧಿ ಹಚ್ಚುತ್ತಿದ್ದಾರೆ. ಅಷ್ಟು ಸಾಲದೆ?” ಎಂದರು ನಮ್ಮ ಮನೆಯವರು. ನಮ್ಮ ತರ್ಕ ಅಲ್ಲಿಗೇ ನಿಂತಿತು.

ಮರುದಿನ ಕೋಟೆಯ ಎದುರಿನ ಬೆಟ್ಟದ ನೆತ್ತಿಯಲ್ಲಿರುವ ಜಯಂತೀಮಾತೆಯ ಗುಡಿಗೆ ಹತ್ತಿದೆವು. ದಾರಿ ಕಡಿದು. ನಮ್ಮ ಮನೆಯವರು ದಿನವೂ ಹೇಳುವ ಅರ್ಗಲಾಸ್ತೋತ್ರದಲ್ಲಿ ಬರುವ ದೇವಿಯ ಹೆಸರು ಇದು. ಆ ಬಲದಿಂದಲೋ ಏನೋ, ಅವರು ನಮಗಿಂತ ಮೊದಲೇ ಮೇಲೆ ತಲುಪಿದ್ದರು. ಅಲ್ಲಿಂದ ಕೋಟೆಯು ಒಂದು ಮುರಿದ ದೋಣಿಯಂತೆ ಕಂಡಿತು. ಅದರ ಸುತ್ತ ಊರೂ ಕಂಡಿತು; ಇಳಿಜಾರಿನಲ್ಲಿ ಒತ್ತೊತ್ತಾಗಿ ಮೂರು ನಾಲ್ಕು ಅಂತಸ್ತಿನ ಕಾಂಕ್ರೀಟು ಮನೆಗಳು, ತಾರಸಿಗಳ ಮೇಲೆ ಮುಂದಿನ ಅಂತಸ್ತಿಗೆಂದು ಚಾಚಿದ ಕಬ್ಬಿಣದ ಕಂಬಿಗಳು.

ನಾವು ಇಳಿದುಕೊಂಡಿದ್ದ ಮನೆಗೂ ಅಂತಹ ಕಂಬಿಗಳಿದ್ದುವು. ಮನೆಯ ಯಜಮಾನರು ಎಪ್ಪತ್ತು ದಾಟಿದವರು. ಅವರ ಅಜ್ಜ 1905ರಲ್ಲಿ ಹನ್ನೆರಡರ ಹುಡುಗ. ಬೆಳಗಾಗುವ ಮುನ್ನ ಕೊಟ್ಟಿಗೆಯ ಹಸುವನ್ನು ಹೊರಗೆ ಕಟ್ಟಲು ಹೋದವನು ಉಳಿದನು. ತಾಯಿಯೂ ಇಬ್ಬರು ತಂಗಿಯರೂ ಮಣ್ಣಿನ ಗೋಡೆ ಮತ್ತು ಕಲ್ಲುಚಪ್ಪಡಿಯ ಮಾಡಿನ ಅಡಿಯಲ್ಲಿ ಉಳಿದುಹೋದರು. ಇದನ್ನು ಹೇಳುತ್ತಲೇ ಯಜಮಾನರು, ಮೊಮ್ಮಗನ ಮದುವೆಯಾಗಲಿದೆ, ಮೂರನೆಯ ಅಂತಸ್ತು ಏರಿಸಬೇಕು, ಎಂದರು.

ಸಂಸ್ಕೃತ ಶಬ್ದಗಳನ್ನೇ ಜೋಡಿಸಿದ ನಮ್ಮ ಹಿಂದಿಯಲ್ಲಿ, ಇಷ್ಟು ಕಂಡ ಮನೆತನಕ್ಕೆ ಭಯವಿಲ್ಲವೆ ಎಂದು ಕೇಳಿದೆವು. “ಮಾಸ್ಟರ್‌ಜೀ, ಭಯವಿದೆ. ಆದರೆ ಹುಡುಗನನ್ನು ಎಲ್ಲಿ ಇಡಲಿ? ಬೇರೆ ನೆಲವಿಲ್ಲ” ಎಂದರು.

ಬೇರೆ ನೆಲವಿಲ್ಲವೆಂಬುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಕುಲೂ ಸೀಮೆಯ ನಗ್ಗರಿನ ಅರಮನೆಯ ಮಾತನ್ನು ಎತ್ತಿದೆವು. ಕಲ್ಲಿನ ವರಸೆಯ ನಡುನಡುವೆ ಮರದ ತೊಲೆಗಳನ್ನು ಹೆಣೆದು ಕಟ್ಟಿದ ಆ ಕಟ್ಟಡವು ಅದೇ 1905ರ ಭೂಕಂಪವನ್ನು ತಾಳಿಕೊಂಡಿತು. ನೆಲ ನಡುಗಿದಾಗ ಗೋಡೆ ತುಸು ಅಲುಗಾಡಿ ಮತ್ತೆ ತನ್ನ ಜಾಗಕ್ಕೆ ಕೂರುತ್ತದೆ. ಇಂದು ಅಷ್ಟು ಮರವನ್ನು ಯಾರು ತರಬಲ್ಲರು? ಆದರೂ ಕಂಬಿ ಎಷ್ಟು ದಪ್ಪ, ಕಂಬ ಎಷ್ಟು, ಕೆಳಗಿನ ಗೋಡೆ ಈ ಭಾರವನ್ನು ಹೊತ್ತೀತೆ, ಎಂಬುದನ್ನು ಗಾರೆಯವನ ಕಣ್ಣಳತೆಗೆ ಬಿಡಬಾರದಷ್ಟೆ. ಇದನ್ನು ಸ್ವಲ್ಪ ಖಂಡಿತವಾಗಿಯೇ ಹೇಳಿದೆವು, ಮೇಷ್ಟರ ಅಭ್ಯಾಸ.

ಅವರು ಬೇಸರಪಟ್ಟುಕೊಳ್ಳಲಿಲ್ಲ. ಧರ್ಮಶಾಲೆಯಲ್ಲಿ ಸೋದರಳಿಯನೊಬ್ಬನು ಎಂಜಿನಿಯರನಾಗಿರುವನೆಂದೂ, ಗಾರೆಯವರನ್ನು ಒಂದು ವಾರ ತಡೆದು ಅವನನ್ನು ಕರೆಸುವೆನೆಂದೂ ಹೇಳಿದರು. ಅವರ ಪತ್ನಿಯವರು ಒಳಗಿನಿಂದ ಹಿಂದಿನ ವರ್ಷದ ಬೆಣ್ಣೆಯ ಪ್ರಸಾದವನ್ನು ಸಣ್ಣ ಡಬ್ಬಿಯಲ್ಲಿ ತಂದು ನಮ್ಮ ಮನೆಯವರ ಕೈಗಿತ್ತು, ಚಳಿಗೆ ಒಡೆದಿದ್ದ ಅವರ ಹಿಮ್ಮಡಿಗಳನ್ನು ತೋರಿಸಿ, ಹಚ್ಚಿಕೊಳ್ಳಿರೆಂದು ಸನ್ನೆ ಮಾಡಿದರು.