ಬಾಳೆಹಣ್ಣಿನ ಕಲ್ಲುತೇರು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ತಂಗಿಯು ಶಸ್ತ್ರಚಿಕಿತ್ಸೆಗಾಗಿ ಬಳ್ಳಾರಿಯ ಆಸ್ಪತ್ರೆಯನ್ನು ಸೇರಬೇಕಾಗಿ ಬಂದುದರಿಂದ ಆಕೆಯ ಆರು ವರುಷದ ಮಗಳು ಹೊಸಪೇಟೆಯ ನಮ್ಮ ಮನೆಗೆ ಬಂದಳು. ಮಗು ಅಳುತ್ತಿರಲಿಲ್ಲ, ಆದರೆ ಮಾತನ್ನೂ ಆಡದು, ಊಟವನ್ನೂ ಸರಿಯಾಗಿ ಮಾಡದು. ತಟ್ಟೆಯ ಮುಂದೆ ಕುಳಿತು ಬಾಗಿಲ ಕಡೆಗೆ ನೋಡುತ್ತಿದ್ದಿತು. ಮೂರು ದಿವಸ ಹೀಗೆಯೇ ಕಳೆಯಲು ನಮಗೆ ಕಳವಳವಾಯಿತು.

ನಾಲ್ಕನೆಯ ದಿವಸ ಬಿಸಿಲೇರುವ ಮುನ್ನ ಮಕ್ಕಳನ್ನು ಹಂಪೆಗೆ ಕರೆದೊಯ್ದೆವು. ವಿಠ್ಠಲ ದೇವಾಲಯದ ಕಲ್ಲಿನ ತೇರಿನ ಮುಂದೆ ನಿಂತು, ಅದು ಒಂದೇ ಬಂಡೆಯಲ್ಲಿ ಕಡೆದುದಲ್ಲವೆಂದೂ, ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿಯೆಂದೂ ತಿಳಿಸಿದೆವು. ಈಗ ಆನೆಗಳಿರುವ ಎಡೆಯಲ್ಲಿ ಮೊದಲು ಕುದುರೆಗಳಿದ್ದುವು; ಅವುಗಳ ಹಿಂಗಾಲಿನ ಗುರುತು ಇಂದಿಗೂ ಕಾಣುತ್ತದೆ. 1856ರ ಛಾಯಾಚಿತ್ರದಲ್ಲಿ ತೇರಿನ ಮೇಲೆ ಇಟ್ಟಿಗೆಯ ಗೋಪುರವಿದೆ; ಈಗ ಅದಿಲ್ಲ. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಮೇಲಿರುವುದೂ ಈ ತೇರೇ ಎಂದಾಗ ನಮ್ಮ ಹತ್ತು ವರುಷದ ಮಗನು ನೋಟನ್ನು ಎತ್ತಿ ಹಿಡಿದು ಹೋಲಿಸಿ ನೋಡಿದನು.

ವಿಜಯನಗರದ ಕಾಲದ ತುರ್ತು ಕಾಲುವೆಯ ನೀರುಂಡು ಬೆಳೆಯುವ ತೋಟಗಳನ್ನು ಹಾದು ಬರುವಾಗ ಸುಗಂಧಿ ಬಾಳೆಯ ಚಿಪ್ಪೊಂದನ್ನು ಕೊಂಡೆವು. "ಅಮ್ಮಾ, ತಿನ್ನುವ ತೇರು ಮಾಡೋಣವೆ?" ಎಂದು ಮಗನು ಕೇಳಿದನು. ನಾವು ಒಪ್ಪಿದೆವು.

ಮಾಡಿದ ಕ್ರಮವನ್ನು ಸೋದರಿಯರಿಗೆ ತಿಳಿಸುವೆವು. ಚೆನ್ನಾಗಿ ಕಳಿತ 4 ಬಾಳೆಹಣ್ಣುಗಳನ್ನು ಮಕ್ಕಳೇ ಕಿವುಚಿದರು. ಅದಕ್ಕೆ 2 ಬಟ್ಟಲು ಚಿರೋಟಿ ರವೆ, 1 ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಮೊಸರು, ಕಾಲು ಬಟ್ಟಲು ತುಪ್ಪ, ಏಲಕ್ಕಿ ಸೇರಿಸಿ, ರವೆ ನೆನೆಯಲೆಂದು ಕಾಲು ಗಂಟೆ ಬಿಟ್ಟೆವು. ಬಳಿಕ ಚಿಟಿಕೆ ಸೋಡವನ್ನು ಕಲಸಿ, ತುಪ್ಪ ಸವರಿದ ಡಬ್ಬಿಗೆ ಸುರಿದೆವು. ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ಒಣ ಮರಳನ್ನು ಹರಡಿ ಕಾಯಿಸಿ, ಅದರ ಮೇಲೆ ಡಬ್ಬಿಯನ್ನಿರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆವು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಬೇಕು. ಚಕ್ರಗಳಿಗಾಗಿ ಬಾಳೆಹಣ್ಣಿನ ಬಿಲ್ಲೆಗಳನ್ನು ತುಪ್ಪದಲ್ಲಿ ಕೆಂಪಗೆ ಹುರಿದುಕೊಂಡೆವು. ಆನೆಗಳಿಗೆ ಎರಡು ಗೋಡಂಬಿ. ಚಕ್ರಗಳನ್ನು ಅಂಟಿಸುವ ಕೆಲಸವನ್ನು ಹುಡುಗಿಗೆ ವಹಿಸಿದೆವು.

ಆರುವವರೆಗೆ ಕಾಯುವ ತಾಳ್ಮೆ ನಮ್ಮ ಮಗನಿಗೆಲ್ಲಿಯದು? ಬಿಸಿಯಾಗಿದ್ದಾಗಲೇ ಕೊಯ್ದು ಗೋಪುರವನ್ನು ಏರಿಸಲು ಹೋದನು. ಅದು ಪುಡಿಪುಡಿಯಾಗಿ ಕುಸಿಯಿತು. ಅವನು ಸಿಟ್ಟಿನಿಂದ ಹುಡುಗಿಯ ಕಡೆಗೆ ತಿರುಗಿ, "ನೀನು ಮಣೆಯನ್ನು ಅಲುಗಿಸಿದೆ" ಎಂದನು. ನಾವೂ ಬೆಳಗಿನಿಂದ ದಣಿದಿದ್ದವರು; ಇಬ್ಬರನ್ನೂ ಗದರಿಸಲು ಬಾಯಿ ತೆರೆದೆವು.

ಅಷ್ಟರಲ್ಲಿ ಆ ಮಗು, "ದೊಡ್ಡಮ್ಮಾ, ಅಲ್ಲಿರುವ ತೇರಿಗೂ ಗೋಪುರವಿಲ್ಲವಲ್ಲ!" ಎಂದಿತು.

ನಾಲ್ಕು ದಿವಸಗಳಲ್ಲಿ ಅದು ತಾನಾಗಿ ಆಡಿದ ಮೊದಲ ಮಾತು ಇದೇ. ಮಗನು ಒಂದು ಕ್ಷಣ ಸುಮ್ಮನಿದ್ದು ನಕ್ಕುಬಿಟ್ಟನು. ಕುಸಿದ ಗೋಪುರವನ್ನು ಇಬ್ಬರೂ ಒಂದೇ ತಟ್ಟೆಯಲ್ಲಿ ಹಾಕಿಕೊಂಡು, ಮೇಲೆ ಹಾಲೆರೆದು ತಿಂದರು. ಹುಡುಗಿ ಎರಡನೆಯ ಸಾರಿ ಬಡಿಸಿಕೊಂಡಳು. ನಾವು ಅಡಿಗೆಮನೆಯ ಒಳಕ್ಕೆ ಹೋಗಿ ಸೆರಗಿನಿಂದ ಕಣ್ಣೊರಸಿಕೊಂಡೆವು.

ತೇರಿನ ಒಂದು ಚಕ್ರವನ್ನು ಮಾತ್ರ ಯಾರೂ ಮುಟ್ಟದಂತೆ ಆಕೆ ಬಟ್ಟಲಿನಲ್ಲಿ ಮುಚ್ಚಿಟ್ಟಳು. ಮರುದಿನ ಅದನ್ನು ಬಳ್ಳಾರಿಗೆ ಒಯ್ದೆವು. ವೈದ್ಯರು ಅನುಮತಿಯಿತ್ತ ಬಳಿಕ ತಂಗಿಯು ಅದರಲ್ಲಿ ಒಂದು ಚೂರನ್ನು ತಿಂದು, "ಇದಾವ ತಿಂಡಿ, ಅಕ್ಕಾ?" ಎಂದು ಕೇಳಿದಳು. ಉತ್ತರವನ್ನು ನಾವು ಹೇಳಲಿಲ್ಲ; ಹೇಳಬೇಕಾದವಳು ಮಂಚದ ಬಳಿಯಲ್ಲಿಯೇ ನಿಂತಿದ್ದಳು.