ಬಾಗಿಲು ದಾಟಿದ ಪೊಲೀಸಪ್ಪ

ತೈಪೆ ನಗರದ ಉತ್ತರಕ್ಕೆ, ಬೆಟ್ಟದ ಬುಡದಲ್ಲಿ ತಿಯೆನ್‌ಮು ಅಂತ ಒಂದು ಬಡಾವಣೆ. ಪರದೇಶದವರು ಹೆಚ್ಚಾಗಿ ವಾಸಿಸುವ ಜಾಗ. 1997ರ ನವೆಂಬರ್ 18ರ ಸಂಜೆ ಅಲ್ಲಿದ್ದ ದಕ್ಷಿಣ ಆಫ್ರಿಕಾದ ಸೇನಾ ಪ್ರತಿನಿಧಿ ಮೆಕ್‌ಗಿಲ್ ಅಲೆಕ್ಸಾಂಡರ್ ಅವರ ಮನೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಹೆಸರು ಚೆನ್ ಚಿನ್-ಶಿಂಗ್. ಆ ವರ್ಷ ತೈವಾನಿನಲ್ಲಿ ಮಕ್ಕಳನ್ನು ಹೆದರಿಸಲು ಬೇರೆ ಗುಮ್ಮ ಬೇಕಿರಲಿಲ್ಲ.

ಯಾಕೆಂದರೆ ಏಪ್ರಿಲ್‌ನಲ್ಲಿ ಇವನೂ ಇವನ ಇಬ್ಬರು ಜೊತೆಗಾರರೂ ಟೀವಿ ತಾರೆ ಪೈ ಪಿಂಗ್-ಪಿಂಗ್ ಅವರ ಮಗಳನ್ನು ಅಪಹರಿಸಿ, 50 ಲಕ್ಷ ಡಾಲರ್ ಕೇಳಿ, ಕೊನೆಗೆ ಕೊಂದೇ ಹಾಕಿದ್ದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿದ್ದರು. ಒಬ್ಬ ಆಗಸ್ಟ್‌ನ ಗುಂಡಿನ ಚಕಮಕಿಯಲ್ಲಿ ಸತ್ತ. ಇನ್ನೊಬ್ಬ ಹಿಂದಿನ ದಿನವಷ್ಟೇ ಪೊಲೀಸರು ಸುತ್ತುವರಿದಾಗ ತಾನೇ ಗುಂಡು ಹಾರಿಸಿಕೊಂಡಿದ್ದ. ಉಳಿದವನು ಚೆನ್ ಒಬ್ಬನೇ.

ಒಳಗೆ ಅಲೆಕ್ಸಾಂಡರ್, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅವರು ಸಾಕುತ್ತಿದ್ದ ಒಂದು ಹಸುಗೂಸು. ಹೊರಗೆ ಪೊಲೀಸರು, ಅವರ ಹಿಂದೆ ಕ್ಯಾಮೆರಾಗಳ ಜಾತ್ರೆ. ಟೀವಿಯವರು ಆ ಮನೆಯ ಫೋನಿಗೇ ಕರೆ ಮಾಡಿ, ಕೊಲೆಗಾರನನ್ನು ನೇರ ಪ್ರಸಾರದಲ್ಲಿ ಮಾತಾಡಿಸಿದರು! ಮಾಡಬಾರದ ಕೆಲಸ, ಆಮೇಲೆ ಉಗಿಸಿಕೊಂಡರು ಕೂಡ. ಆದರೆ ಆ ರಾತ್ರಿ ಟೀವಿ ಆರಿಸಿದ ಮನೆ ತೈವಾನಿನಲ್ಲಿ ಎಷ್ಟಿದ್ದೀತು?

ಗುಂಡು ಹಾರಿದವು. ಅಲೆಕ್ಸಾಂಡರ್‌ಗೂ ಒಬ್ಬ ಮಗಳಿಗೂ ತಗುಲಿದವು. ಗಾಯಗೊಂಡವರನ್ನು ಕರೆತರಲು ಯಾರಾದರೂ ಒಳಗೆ ಹೋಗಲೇಬೇಕಿತ್ತು. ಹೋದವರು ಹೌ ಯೂ-ಯಿ. ತೈಪೆ ನಗರ ಪೊಲೀಸಿನ ಅಪರಾಧ ತನಿಖಾ ದಳದ ಮುಖ್ಯಸ್ಥ, ವಯಸ್ಸು 40. ಚಿಯಾಯಿ ಜಿಲ್ಲೆಯ ಪುಟ್ಸು ಅನ್ನುವ ಊರಿನಲ್ಲಿ ಹಂದಿಮಾಂಸ ಮಾರುತ್ತಿದ್ದವರ ಮಗ. ಐದು ವರ್ಷದ ಹಿಂದೆ ಶಿಶುವಿಹಾರದ ಬಸ್ಸಿಗೆ ಬೆಂಕಿ ಬಿದ್ದು 23 ಜನ ಸತ್ತರಲ್ಲ, ಆ ಬಸ್ಸಿನಲ್ಲಿ ಇವರ ಮಗನೂ ಇದ್ದ. ಅಂಥವರು ಆ ಬಾಗಿಲು ದಾಟಿ ಒಳಗೆ ಹೋದರು, ಗಾಯಾಳುಗಳು ಹೊರಗೆ ಬಂದರು.

ಮುಂದಿನ ಕೆಲಸ ಮಾತಿನದ್ದು. ಪೊಲೀಸರು ಹಿಡಿದಿಟ್ಟ ತನ್ನ ಹೆಂಡತಿಗೆ ನ್ಯಾಯ ಸಿಗಬೇಕು ಅಂತ ಚೆನ್ ಹಟ ಹಿಡಿದಿದ್ದ. ವಕೀಲ, ರಾಜಕಾರಣಿ ಫ್ರಾಂಕ್ ಶಿಯೆ ಒಳಗೆ ಹೋಗಿ, ಆಕೆಯ ಪರ ವಾದಿಸಲು ಒಪ್ಪಿಕೊಂಡು, ಅವನನ್ನು ಮಾತಿನಲ್ಲೇ ಪಳಗಿಸಿದರು. ಮರುದಿನ ಸಂಜೆ ಚೆನ್ ಶರಣಾದ. 1999ರಲ್ಲಿ ಅವನಿಗೆ ಮರಣದಂಡನೆ ಆಯಿತು.

ಆ ಮನೆಯೊಳಗೆ ಹೋಗಿಬಂದ ಇಬ್ಬರೂ ಮುಂದೆ ಅಧ್ಯಕ್ಷ ಚುನಾವಣೆಗೆ ನಿಂತರು, ಎದುರುಬದುರು ಪಕ್ಷಗಳಿಂದ. ಶಿಯೆ 2008ರಲ್ಲಿ ಸೋತರು. ಹೌ ಅವರ ದಾರಿ ಇನ್ನೂ ಉದ್ದ. 2006ರಲ್ಲಿ ಇಡೀ ದೇಶದ ಪೊಲೀಸ್ ಮುಖ್ಯಸ್ಥರಾದರು. ಆಗ ಪ್ರಧಾನಿಯಾಗಿದ್ದವರು ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಕ್ಷದ ಸು ಸೆಂಗ್-ಚಾಂಗ್. 2010ರಲ್ಲಿ ಹೌ ಖಾಕಿ ಕಳಚಿ ನ್ಯೂ ತೈಪೆಯ ಉಪಮೇಯರ್ ಆದರು. 2018ರಲ್ಲಿ ಕ್ವೊಮಿಂಟಾಂಗ್ ಪಕ್ಷದಿಂದ ಮೇಯರ್ ಸ್ಥಾನಕ್ಕೆ ನಿಂತು ಗೆದ್ದರು. ಸೋತವರು ಯಾರು ಗೊತ್ತೇ? ಅದೇ ಸು! ಜನ ವೋಟು ಹಾಕಿದ್ದು ಪಕ್ಷಕ್ಕಿಂತ ಹೆಚ್ಚಾಗಿ ಆ ಪೊಲೀಸಪ್ಪನಿಗೆ ಅಂತ ನನ್ನ ಅಂದಾಜು.

ಆದರೆ ಅವರ ಹೆಸರಿಗೆ ಇನ್ನೊಂದು ಬಾಗಿಲೂ ಅಂಟಿಕೊಂಡಿತ್ತು. 1989ರ ಏಪ್ರಿಲ್ 7ರಂದು ಚೆಂಗ್ ನಾನ್-ಜುಂಗ್ ಎಂಬ ಪತ್ರಿಕಾ ಸಂಪಾದಕರನ್ನು ಬಂಧಿಸಲು ಪೊಲೀಸರು ಹೋದರು. ತೈವಾನಿಗೊಂದು ಹೊಸ ಸಂವಿಧಾನದ ಕರಡು ಅಚ್ಚು ಮಾಡಿದ್ದಕ್ಕೆ ಅವರ ಮೇಲೆ ದೇಶದ್ರೋಹದ ಆಪಾದನೆ. ಚೆಂಗ್ 71 ದಿನ ತಮ್ಮ ಕಚೇರಿಯಲ್ಲೇ ಬಾಗಿಲು ಭದ್ರಪಡಿಸಿಕೊಂಡು ಕೂತಿದ್ದರು. ಪೊಲೀಸರು ಒಡೆದು ನುಗ್ಗಿದಾಗ ಮೈಗೆ ಬೆಂಕಿ ಹಚ್ಚಿಕೊಂಡರು. ಆ ತಂಡದ ಮುಂದಾಳು ಹೌ. ಈಗ ಏಪ್ರಿಲ್ 7 ತೈವಾನಿನಲ್ಲಿ ವಾಕ್‌ಸ್ವಾತಂತ್ರ್ಯದ ದಿನ. ಮೇಲಿನವರ ಅಪ್ಪಣೆ, ಸರ್ಕಾರಿ ನೌಕರ ಏನು ಮಾಡಿಯಾನು ಅನ್ನಬಹುದು. ಆದರೆ ವೋಟು ಕೇಳಲು ಹೊರಟವನಿಗೆ ಆ ಸಮಜಾಯಿಷಿ ಸಾಲದು. 2024ರ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಳು ಅದನ್ನೇ ಎತ್ತಿ ಎತ್ತಿ ಆಡಿದರು.

ಹೌ ಅವರಿಗೆ ಬಿದ್ದದ್ದು ಶೇ. 33.49 ಮತ. ಲಾಯ್ ಚಿಂಗ್-ತೆ ಶೇ. 40.05 ಪಡೆದು ಗೆದ್ದರು. ಮೇಯರ್ ಅವಧಿ ಇನ್ನೂ ಉಳಿದಿತ್ತು. ಹೌ ರಜೆ ಮುಗಿಸಿ ಮತ್ತೆ ನ್ಯೂ ತೈಪೆಯ ಕಚೇರಿಗೆ ಹಾಜರಾದರು.