ಮಾರಿ ಒಬ್ಬರದು, ದನಿ ಒಬ್ಬರದು

ನಮ್ಮ ಕಿರುಚಿತ್ರ ಕೆಟ್ಟದ್ದು ಕ್ಯಾಮೆರಾದಿಂದಲ್ಲ. ಕ್ಯಾಮೆರಾಕ್ಕೆ, ಬಾಡಿಗೆ ಲೆನ್ಸಿಗೆ, ಬಣ್ಣ ತಿದ್ದಿಸುವುದಕ್ಕೆ ಇದ್ದಬದ್ದ ದುಡ್ಡೆಲ್ಲ ಸುರಿದಿದ್ದೆವು. ದನಿಗೆಂದು ಒಂದು ರೂಪಾಯಿ ಎತ್ತಿಡಲಿಲ್ಲ. ನಿರ್ದೇಶಕ ನಾನೇ ಆಗಿದ್ದರಿಂದ ಆ ಲೆಕ್ಕವೂ ನನ್ನದೇ.

ಕತೆ ಸಣ್ಣದು. ಶಾಲೆ ಬಿಡುತ್ತೇನೆಂದು ಹಟ ಹಿಡಿದ ಮೊಮ್ಮಗಳನ್ನು, ಅಕ್ಷರ ಬಾರದ ಆಯಿ ಹುಮನಾಬಾದ್ ತಾಲೂಕಿನ ಜಲಸಂಗ್ವಿ ಗುಡಿಗೆ ಕರೆದೊಯ್ಯುತ್ತಾಳೆ. ಗುಡಿಯ ಹೊರಗೋಡೆಯಲ್ಲಿ ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು, 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ನಮ್ಮ ಆಯಿಗೆ ರಾಜನ ಗೊಡವೆ ಇಲ್ಲ. “ನೋಡು, ಹೆಣ್ಮಗಳು ಬರೀಲತ್ತಾಳ” ಅನ್ನುತ್ತಾಳೆ, ಅಷ್ಟೇ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಚಾಲುಕ್ಯರ ಹೆಸರು ಬಂದ ಮೇಲೆ ರಾಜಧಾನಿ ತೋರಿಸದಿದ್ದರೆ ಹೇಗೆ? ಆಗಿನ ಕಲ್ಯಾಣವೇ ಆದ ಬಸವಕಲ್ಯಾಣಕ್ಕೆ ಓಡಿ ಕೋಟೆ, ತ್ರಿಪುರಾಂತ ಕೆರೆ, 108 ಅಡಿಯ ಬಸವಣ್ಣನ ಪ್ರತಿಮೆ ಎಲ್ಲವನ್ನೂ ಹಿಡಿದು ತಂದೆವು. ಕತೆಗೂ ಅವಕ್ಕೂ ಸಂಬಂಧವಿರಲಿಲ್ಲ. ನಮ್ಮ ಬೀದರ್ ಜಿಲ್ಲೆಯ ಹುಡುಗರಿಗೆ ಈ ಚಟ ಇದ್ದದ್ದೇ: ಹೊರಗಿನವರು ನಮ್ಮನ್ನು ಹಿಂದುಳಿದವರು ಅಂದಷ್ಟೂ ನಾವು ಕೋಟೆ ತೋರಿಸುತ್ತೇವೆ.

ಆಯಿಯ ಪಾತ್ರಕ್ಕೆ ಹಳ್ಳಿಯವರೇ ಒಬ್ಬರು ಸಿಕ್ಕಿದ್ದರು. ಕ್ಯಾಮೆರಾ ಕಂಡರೆ ಅಂಜಿಕೆಯಿಲ್ಲ, ಕಲಿಸಿದ ಮಾತನ್ನು ತಮ್ಮದಾಗಿಸಿಕೊಂಡು ಆಡುವವರು. ಅವರ ಮಾತನ್ನು ಹತ್ತಡಿ ದೂರದ ಕ್ಯಾಮೆರಾದ ಮೈಕಿಗೇ ಬಿಟ್ಟೆವು. ಅದರಲ್ಲಿ ದನಿಯ ಮಟ್ಟ ತಾನೇ ಏರಿಳಿಯುವ ವ್ಯವಸ್ಥೆ ಚಾಲೂ ಇತ್ತು. ಆಯಿ ಉಸಿರಿಗೆಂದು ತಡೆದ ಕಡೆಯೆಲ್ಲ ಮೈಕು ಗಾಳಿಯನ್ನೂ ದೂರದ ಟ್ರ್ಯಾಕ್ಟರನ್ನೂ ಎತ್ತಿ ತಂದಿತ್ತು. ಹುಮನಾಬಾದಿನಲ್ಲಿ ಹೆದ್ದಾರಿ 65ರ ಬದಿಗೆ ತೆಗೆದ ದೃಶ್ಯದಲ್ಲಂತೂ ಹೈದರಾಬಾದ್ ಲಾರಿಗಳೇ ನಾಯಕರು. ಗೆಳೆಯನೊಬ್ಬ ಅಲ್ಲೇ ಎಚ್ಚರಿಸಿದ್ದ. “ಡಬ್ಬಿಂಗ್‌ನಾಗ ನೋಡ್ಕೋಣು ಬಿಡಪಾ” ಅಂದಿದ್ದೆ.

ಡಬ್ಬಿಂಗಿಗೆ ಆಯಿಯನ್ನು ಕಲಬುರಗಿಗೆ ಕರೆತರುವುದು ತ್ರಾಸಿನ ಕೆಲಸ ಅನ್ನಿಸಿತು. ಕಾಲೇಜಿನ ಹುಡುಗಿಯೊಬ್ಬಳಿಂದ ಮುದಿದನಿ ಮಾಡಿಸಿದೆ. ಮಾತು ಎಲ್ಲರಿಗೂ ತಿಳಿಯಲಿ ಎಂದು “ಬರೀಲತ್ತಾಳ” ತೆಗೆದು “ಬರೆಯುತ್ತಿದ್ದಾಳೆ” ಹಾಕಿಸಿದ್ದೂ ನಾನೇ.

ಹಳ್ಳಿಯಲ್ಲಿ ಗೋಡೆಗೆ ಬಿಳಿ ಧೋತರ ಕಟ್ಟಿ ತೋರಿಸಿದೆವು. ಕೋಟೆ ಬಂದಾಗ ಚಪ್ಪಾಳೆ. ಆಯಿ ಬಾಯಿ ತೆರೆದಾಗ ನಗು. ಅವರು ಮುಗಿಯುವವರೆಗೂ ಕೂತು ಆಮೇಲೆ ಕೇಳಿದರು: “ಮಾರಿ ನಂದೇ ಅದ ತಮ್ಮಾ. ಮಾತ್ಯಾರ್ದು?” ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ.

ಮಂಡ್ಯ ಸೀಮೆಯ ಹಳ್ಳಿಯವರನ್ನೇ ಹಾಕಿಕೊಂಡು ಅವರ ಮಾತಿನಲ್ಲೇ ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದದ್ದು ನನಗೆ ಗೊತ್ತಿತ್ತು. ಅದರ ಬಗ್ಗೆ ತರಗತಿಯಲ್ಲಿ ಭಾಷಣವನ್ನೂ ಮಾಡಿದ್ದೆ! ಆ ಪಾಠ ಬೀದರ್ ಮಾತಿಗೂ ಸಲ್ಲುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಬೇಕಾಗಿದ್ದದ್ದು ದೊಡ್ಡ ಸಾಮಾನೂ ಅಲ್ಲ. ಒಂದು ಮೊಬೈಲಿನಲ್ಲಿ ರೆಕಾರ್ಡರ್ ಚಾಲೂ ಮಾಡಿ ಚೌಕಟ್ಟಿನ ಹೊರಗೆ ಆಯಿಯ ಹತ್ತಿರ ಇಟ್ಟಿದ್ದರೆ ಸಾಕಿತ್ತು. ಶಾಟ್ ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಚಿತ್ರಕ್ಕೂ ದನಿಗೂ ಗಂಟು ಬೀಳುತ್ತದೆ. ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ಆ ಜಾಗದ ಬರೀ ಸದ್ದನ್ನು ಹಿಡಿದುಕೊಂಡರೆ ಕತ್ತರಿಸಿದ ಕಡೆ ತೇಪೆ ಹಾಕಬಹುದು.

ಆಮೇಲೆ ಆಯಿಯ ಮನೆಗೇ ಹೋದೆ. ಫ್ಯಾನ್ ಆರಿಸಿ, ಕೌದಿ ಹೊದಿಸಿದ ಕಿಟಕಿಯ ಪಕ್ಕ ಕೂರಿಸಿ ಮಾತು ಹಿಡಿದೆ. ತುಟಿಗೆ ಕೂಡಲಿಲ್ಲ, ಪ್ರತಿಸಲವೂ ಅವರು ಬೇರೆ ಥರ ಹೇಳುತ್ತಿದ್ದರು. ಕೊನೆಗೆ ಬಸವಕಲ್ಯಾಣದ ದೃಶ್ಯಗಳನ್ನೆಲ್ಲ ಕಿತ್ತುಹಾಕಿ, ಆ ಮಾತುಗಳನ್ನು ಶಿಲಾಬಾಲಿಕೆಯ ಚಿತ್ರದ ಮೇಲೆ ಓಡಿಸಿದೆ. ಚಿತ್ರ ಅರ್ಧಕ್ಕರ್ಧ ಕುಗ್ಗಿತು, ಯಾವ ಉತ್ಸವವೂ ತೆಗೆದುಕೊಳ್ಳಲಿಲ್ಲ. ಹೆದ್ದಾರಿಯ ದೃಶ್ಯ ಇವತ್ತಿಗೂ ಹಾಗೇ ಇದೆ, ಲಾರಿಗಳ ಸಮೇತ.